ಮೂವತ್ತೈದು ನಿಮಿಷದ ದಾರಿ

ಮಕ್ಕಳ ಕಿಡ್ನಿ ವಾರ್ಡು ಊರಾಚೆಯ ಹೊಸ ಆಸ್ಪತ್ರೆಗೆ ಹೋಗುತ್ತದೆ ಎಂಬ ನೋಟೀಸನ್ನು ಲಿಫ್ಟಿನ ಪಕ್ಕ ಅಂಟಿಸಿದ ದಿನದಿಂದ ಕಂಡಕ್ಟರಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹದಿನೆಂಟು ವರ್ಷದಿಂದ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದವಳು. ಅವಳ ತಂಗಿಯ ಮಗಳು, ಸದಾ ಮಾತಾಡುತ್ತಾಳೆಂದು ಎಲ್ಲರೂ ಪಟಪಟಿ ಎಂದು ಕರೆಯುವ ಒಂಬತ್ತು ವರ್ಷದ ಹುಡುಗಿ, ವಾರಕ್ಕೆ ಮೂರು ದಿನ ಆ ವಾರ್ಡಿನಲ್ಲಿ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕ ಕೈಚಾಚಿ ಮಲಗಬೇಕು. ತಂಗಿಯ ಮಡಿಲಲ್ಲಿ ಎಳೆಗೂಸು. ಹಾಗಾಗಿ ಕರೆದುಕೊಂಡು ಹೋಗಿಬರುವುದು ದೊಡ್ಡಮ್ಮನ ಕೆಲಸ. ಅದಕ್ಕೆಂದೇ ಅವಳು ಮಧ್ಯಾಹ್ನದ ಪಾಳಿ ಹಾಕಿಸಿಕೊಂಡಿದ್ದಳು.

ಗುರುವಾರ ಬೆಳಿಗ್ಗೆ ಆಸ್ಪತ್ರೆಯ ಸಭಾಂಗಣದಲ್ಲಿ ಅಹವಾಲು ಸಭೆ. ಕುರ್ಚಿ ಸಾಲದೆ ಅರ್ಧ ಜನ ಗೋಡೆಗೆ ಒರಗಿ ನಿಂತಿದ್ದರು. ಆಡಳಿತಾಧಿಕಾರಿ ಪರದೆಯ ಮೇಲೆ ನಕ್ಷೆ ತೋರಿಸಿ, "ಇಲ್ಲಿಂದ ಅಲ್ಲಿಗೆ ಬರೀ ಮೂವತ್ತೈದು ನಿಮಿಷ," ಎಂದರು.

"ಯಾವ ಗಾಡೀಲಿ ಸಾರ್?" ಕಂಡಕ್ಟರಮ್ಮ ಎದ್ದು ನಿಂತಳು.

"ಕಾರಲ್ಲಿ."

"ಈ ವಾರ್ಡಿಗೆ ಬರೋರಲ್ಲಿ ಕಾರಿರೋರು ಕೈ ಎತ್ತಿ!" ಎಂದು ಅವಳು ತಿರುಗಿ ಕೂಗಿದಳು. ಎರಡು ಕೈ ಮೇಲೆ ಹೋದವು. "ನೋಡಿದ್ರಾ? ಮಿಕ್ಕವರೆಲ್ಲ ನನ್ನ ಗಿರಾಕಿಗಳು. ಬನ್ನಿ ಸಾರ್, ಈಗಲೇ ಬಸ್ಸಲ್ಲಿ ಹೋಗಿ ನೋಡೋಣ."

ಸಭೆಯಲ್ಲಿ ಕೇಕೆ ಎದ್ದಿತು. ಅಧಿಕಾರಿ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ವೇದಿಕೆಯ ಮೇಲಿದ್ದ ಕಿಡ್ನಿ ಡಾಕ್ಟರು ಎದ್ದರು. ಹೊಸ ಜಾಗ ಬೇಕೆಂದು ಮೂರು ವರ್ಷದಿಂದ ಕೇಳುತ್ತಿದ್ದವರೇ ಅವರು. "ನಾನು ಬರ್ತೀನಿ. ನನಗೂ ಆ ದಾರಿ ಬಸ್ಸಲ್ಲಿ ಗೊತ್ತಿಲ್ಲ," ಎಂದರು. ಇನ್ನು ಅಧಿಕಾರಿ ಬರದೆ ಉಂಟೇ?

ಡಾಕ್ಟರು ತಮ್ಮ ಕೈಗಡಿಯಾರ ಬಿಚ್ಚಿ, ದೊಡ್ಡಮ್ಮನ ಪಕ್ಕದಲ್ಲಿದ್ದ ಪಟಪಟಿಯ ಕೈಗಿಟ್ಟರು. "ನೀನೇ ಲೆಕ್ಕ ಇಡು."

"ಶುರು!" ಎಂದು ಅವಳು ಕಿರುಚಿದಳು.

ಮೊದಲ ಬಸ್ಸಿಗೆ ಹನ್ನೆರಡು ನಿಮಿಷ ಕಾದರು. ಬಂದ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಸಭೆಯಿಂದ ಹೊರಟ ಇಪ್ಪತ್ತು ಮಂದಿ ನುಗ್ಗಿದರು. ಅಧಿಕಾರಿಯ ಇಸ್ತ್ರಿ ಅಂಗಿ ಯಾರದೋ ತರಕಾರಿ ಚೀಲಕ್ಕೂ ಕಂಬಕ್ಕೂ ನಡುವೆ ಸಿಕ್ಕಿ ಮುದ್ದೆಯಾಯಿತು. "ಒಳಗೆ ಹೋಗಿ ಸಾರ್, ಹಿಂದೆ ಖಾಲಿ ಇದೆ," ಎಂದು ಕಂಡಕ್ಟರಮ್ಮ ಅಭ್ಯಾಸಬಲದಿಂದ ಕೂಗಿದಳು. ಆ ಬಸ್ಸಿನ ಕಂಡಕ್ಟರು, "ಅಕ್ಕಾ, ಇವತ್ತು ನಿಂಗೆ ರಜಾ ಅಲ್ವಾ?" ಎಂದು ನಕ್ಕ.

ಮಾರುಕಟ್ಟೆಯಲ್ಲಿ ಇಳಿಯುವ ಹೊತ್ತಿಗೆ ಎರಡನೆಯ ಬಸ್ಸು ಹೊರಟೇಬಿಟ್ಟಿತ್ತು. "ಓಡಿ!" ಎಂದಳು ಕಂಡಕ್ಟರಮ್ಮ. ಡಾಕ್ಟರು ಓಡಿದರು, ಅಧಿಕಾರಿ ಓಡಿದರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಓಡಿದರು. ಬಸ್ಸು ಹೊಗೆ ಬಿಟ್ಟು ಮಾಯವಾಯಿತು. ಇನ್ನೊಂದು ಬರಲು ಇಪ್ಪತ್ತೆರಡು ನಿಮಿಷ. ಅದನ್ನು ಹತ್ತಿದ ಮೇಲೆ ರೈಲ್ವೆ ಗೇಟು ಬಿತ್ತು.

"ಗೇಟಿಗೆ ಹನ್ನೊಂದು ನಿಮಿಷ! ಈಗಾಗ್ಲೇ ಮೂವತ್ತೈದಕ್ಕಿಂತ ಡಬಲ್ಲು ಆಯ್ತು ಸಾರ್!" ಪಟಪಟಿ ಸೀಟಿನ ಮೇಲೆ ಹತ್ತಿ ಘೋಷಿಸಿದಳು. ಇಡೀ ಬಸ್ಸು ಗೊಳ್ಳೆಂದಿತು.

ಕೊನೆಯ ನಿಲ್ದಾಣದಿಂದ ಆಸ್ಪತ್ರೆಯ ಗೇಟಿಗೆ ಬಿಸಿಲಲ್ಲಿ ನಡಿಗೆ. ಅಲ್ಲಿ ಪಟಪಟಿಯ ಮಾತು ನಿಂತಿತು. ತುಟಿ ಒಣಗಿತ್ತು. ಅಧಿಕಾರಿ ತಮ್ಮ ನೀರಿನ ಬಾಟಲಿ ಚಾಚಿದರು.

"ಬೇಡ ಸಾರ್," ಕಂಡಕ್ಟರಮ್ಮ ತಡೆದಳು. "ಅವಳಿಗೆ ದಿನಕ್ಕೆ ಇಷ್ಟೇ ಅಂತ ಅಳತೆ ನೀರು. ಇವತ್ತಿಂದು ಇನ್ನೊಂದೇ ಲೋಟ ಉಳಿದಿರೋದು. ಅದು ರಾತ್ರಿ ಊಟಕ್ಕೆ."

ಅಧಿಕಾರಿ ಬಾಟಲಿಯ ಮುಚ್ಚಳ ಹಾಕಿದರು. ತಾವೂ ಕುಡಿಯಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ, "ಎತ್ಕೊಳ್ಳಲಾ ಪುಟ್ಟಿ?" ಎಂದರು. ಅವಳು ಒಪ್ಪಿ ಅವರ ಬೆನ್ನೇರಿದಳು.

ಗೇಟಿನಲ್ಲಿ ಗಡಿಯಾರ ನೋಡಿದಳು. "ಒಂದು ಗಂಟೆ ಐವತ್ತೆರಡು ನಿಮಿಷ. ವಾಪಸ್ ಹೋಗೋದು ಬೇರೆ!"

ಅಧಿಕಾರಿ ಅವಳನ್ನು ಮೆಲ್ಲಗೆ ಬೆನ್ನಿನಿಂದ ಇಳಿಸಿದರು. ಆದರೆ ಒಳಗೆ ಹೋದಾಗ ಕಂಡಕ್ಟರಮ್ಮನೇ ಕಣ್ಣರಳಿಸಿ ಸುತ್ತ ನೋಡಿದಳು. ಆಪರೇಷನ್ ಕೋಣೆಗಳು ಕನ್ನಡಿಯಂತಿದ್ದವು. ಪ್ರತಿ ಮಂಚದ ಪಕ್ಕ ಅಮ್ಮನಿಗೊಂದು ಮಂಚ. ಕೂಸು ಹುಟ್ಟುವ ಮುಂಚೆ ಹಳೇ ವಾರ್ಡಿನಲ್ಲಿ ತಂಗಿ ಎಷ್ಟು ಸಲ ನೆಲದ ಮೇಲೆ ಮಲಗಿರಲಿಲ್ಲ! "ಚೆನ್ನಾಗಿದೆ ಡಾಕ್ಟರೇ, ಸುಳ್ಳು ಯಾಕೆ ಹೇಳಲಿ," ಎಂದಳು. "ಆಪರೇಷನ್ನಿಗೆ ಒಂದ್ಸಲ ಬರ್ತೀವಿ. ವಾರಕ್ಕೆ ಮೂರು ಸಲ ಅಂದ್ರೆ ಮಗು ಬದುಕೋದು ಬಸ್ಸಲ್ಲೇ."

ಡಾಕ್ಟರು ಅಧಿಕಾರಿಯ ಮುಖ ನೋಡಿದರು. "ಹಂಗಾದ್ರೆ ಆಪರೇಷನ್ನು, ಡಯಾಲಿಸಿಸ್ಸು ಎರಡನ್ನೂ ಬೇರೆ ಮಾಡೋಣ," ಎಂದರು.

ಹನ್ನೆರಡನೆಯ ದಿನ ಕಂಡಕ್ಟರಮ್ಮ ತುಂಬಿದ ಬಸ್ಸಿನಲ್ಲಿದ್ದಾಗ ತಂಗಿಯ ಫೋನು ಬಂತು. ಅಳುವೋ ನಗುವೋ ಗೊತ್ತಾಗದ ದನಿ. "ಅಕ್ಕಾ, ಆಪರೇಷನ್ ಮಾತ್ರ ಅಲ್ಲಿಗೆ! ಡಯಾಲಿಸಿಸ್ಸು, ಎಮರ್ಜೆನ್ಸಿ ಇಲ್ಲೇ ಇರುತ್ತಂತೆ! ಎರಡು ಹೊಸ ಮಿಷಿನ್ನೂ ಇಲ್ಲಿಗೇ ಬರುತ್ತಂತೆ!"

"ಉಳೀತು ಕಣ್ರೀ, ನಮ್ಮ ಮಕ್ಕಳ ವಾರ್ಡು ಉಳೀತು!" ಅವಳು ಬಸ್ಸಿನ ನಡುವೆ ನಿಂತು ಕೂಗಿದಳು. ವಿಷಯ ತಿಳಿದವರು ಚಪ್ಪಾಳೆ ಹೊಡೆದರು, ತಿಳಿಯದವರೂ ಹೊಡೆದರು. ಡ್ರೈವರು ಹಾರನ್ನು ಒತ್ತಿ ಹಿಡಿದ.

ಆ ಗಲಾಟೆಯಲ್ಲಿ ನಿಲ್ದಾಣದ ಹೆಸರು ಕೂಗುವುದೇ ಮರೆತುಹೋಗಿ, ಐದು ಜನ ಒಂದು ಸ್ಟಾಪು ಮುಂದೆ ಹೋಗಿ ಇಳಿದರು. ನಾಲ್ವರು ನಕ್ಕರು. ಒಬ್ಬ ಅಜ್ಜ ಮಾತ್ರ ಮೆಟ್ಟಿಲ ಮೇಲೆ ನಿಂತು ಚೆನ್ನಾಗಿ ಬೈದ. ಕಂಡಕ್ಟರಮ್ಮ ಅವನ ಚೀಲ ಇಳಿಸಿಕೊಟ್ಟು, "ಇನ್ನೂ ಬೈರಿ ತಾತಾ, ಇವತ್ತು ಏನೂ ತಾಗಲ್ಲ," ಎಂದಳು.