ಹುಲಿಗೆಮ್ಮನವರು ಮನೆ ನೋಡಿದ ಬಗೆ

ಮನೆ ನೋಡಲು ಹೋದವರು ಸಾಮಾನ್ಯವಾಗಿ ಜಗಲಿಯನ್ನು ನೋಡುತ್ತಾರೆ, ಪಡಸಾಲೆಯ ಕಂಬಗಳನ್ನು ಎಣಿಸುತ್ತಾರೆ, ಹಿತ್ತಿಲಿಗೆ ಹೋಗಿ ಬಾವಿಯೊಳಕ್ಕೆ ಇಣುಕುತ್ತಾರೆ. ನರ್ಸ್ ಹುಲಿಗೆಮ್ಮನವರು ಮೊದಲು ಇದಾವುದನ್ನೂ ನೋಡುತ್ತಿರಲಿಲ್ಲ. ಹೊಸ್ತಿಲು ದಾಟಿದವರೇ ತಲೆಯನ್ನು ತುಸು ತಗ್ಗಿಸಿ, "ಈ ಮನ್ಯಾಗೆ ಎಲ್ಲಕ್ಕಿಂತ ಕತ್ಲು ಕೋಣೆ ಯಾವ್ದೈತ್ರಿ?" ಎಂದು ಕೇಳುತ್ತಿದ್ದರು. ಮನೆಯವರು ಬೆರಗಾಗಿ, ಕೊಂಚ ನಾಚಿಕೊಂಡು ಯಾವುದೋ ಒಂದನ್ನು ತೋರಿಸಿದೊಡನೆ ಅದರೊಳಗೆ ಹೊಕ್ಕು, ಬಾಗಿಲು ಮುಂದಕ್ಕೆಳೆದುಕೊಂಡು, ಕೋಟಿನ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಒಂದು ಕಡ್ಡಿ ಗೀಚುತ್ತಿದ್ದರು. ಉರಿ ಯಾವ ಕಡೆಗೆ ಬಾಗುತ್ತದೆ, ಬಾಗುತ್ತದೆಯೋ ಇಲ್ಲವೋ ಎಂಬುದನ್ನು ಬೆರಳು ಬಿಸಿಯಾಗುವವರೆಗೂ ಪರೀಕ್ಷಿಸಿ, ಊದಿ, ಹೊರಗೆ ಬಂದು, "ಆತು, ಮುಂದೆ?" ಎನ್ನುತ್ತಿದ್ದರು. ಆ ಎರಡು ಮಾತಿನಲ್ಲಿ ಮನೆಯ ಭವಿಷ್ಯ ನಿರ್ಧಾರವಾಗಿಬಿಟ್ಟಿರುತ್ತಿತ್ತು.

ಅವರ ಪರಿಚಯ ನನಗಾದದ್ದು ಸಾವಿರದ ಒಂಬೈನೂರ ಅರವತ್ತೆರಡರ ಬೇಸಿಗೆಯಲ್ಲಿ. ದಾವಣಗೆರೆಯ ಕಾಲೇಜಿಗೆ ಕನ್ನಡದ ಅಧ್ಯಾಪಕನಾಗಿ ಬಂದಿದ್ದ ನಾನು ಒಂದು ಹೋಟೆಲಿನ ಮಹಡಿಯಲ್ಲಿ ದಿನ ದೂಡುತ್ತಿದ್ದೆ. ತವರಿನಲ್ಲಿದ್ದ ಹೆಂಡತಿಗೆ ಐದು ತಿಂಗಳು ತುಂಬಿತ್ತು. ಹೆರಿಗೆ ಇಲ್ಲಿಯೇ ಆಗಲಿ ಎಂದು ಅವಳ ಹಟ. ಮನೆ ಹುಡುಕಿಕೊಡುವ ಹಯಾತ್ ಸಾಬ್ ಎಂಬ ದಲ್ಲಾಳಿ ಮಂಡಿಪೇಟೆಯ ಒಂದು ಚಹಾದಂಗಡಿಯ ಬೆಂಚಿನ ಮೇಲೆ, ಊರಿನ ಅರ್ಧ ಬೀಗದಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಿರುತ್ತಿದ್ದ. ಒಂದೇ ತಿರುಗಾಟದಲ್ಲಿ ಎರಡು ಗಿರಾಕಿಗಳನ್ನು ಮುಗಿಸಿಬಿಡುವುದು ಅವನ ಪದ್ಧತಿ. "ನರ್ಸಮ್ಮಾರಿಗೂ ಮನೆ ಬೇಕಾಗೈತೆ ಮೇಷ್ಟ್ರೇ, ಜೊತೀಗೆ ಬರ್ರಿ" ಎಂದ. ಹೀಗೆ, ಸಂಸಾರ ಹೂಡಲು ಹೊರಟ ನಾನೂ, ಜೂನ್ ಕೊನೆಗೆ ನಿವೃತ್ತಿಯಾಗಿ ಆಸ್ಪತ್ರೆಯ ವಸತಿಯನ್ನು ಬಿಟ್ಟುಕೊಡಬೇಕಾಗಿದ್ದ ಅವರೂ, ಎರಡು ತಿಂಗಳ ಕಾಲ ಭಾನುವಾರಗಳಂದು ದಾವಣಗೆರೆಯ ಬೀದಿಗಳನ್ನು ಕೂಡಿಯೇ ಅಳೆದೆವು.

ನೀಳವಾದ ಮೈಕಟ್ಟು, ಬಿಳಿಯ ಸೀರೆ, ಅದರ ಮೇಲೆ ಏಪ್ರಿಲ್ಲಿನ ಬಿಸಿಲಿನಲ್ಲಿಯೂ ಕಳಚದ ಬೂದುಬಣ್ಣದ ಉಣ್ಣೆಯ ಕೋಟು. ಮೂವತ್ತು ವರ್ಷ ಬಲಗೈಯಲ್ಲಿ ಹೆರಿಗೆಯ ಚೀಲವನ್ನು ಹೊತ್ತು ನಡೆದದ್ದರಿಂದ ಬಲಭುಜ ಎಡಕ್ಕಿಂತ ಎರಡು ಬೆರಳು ಕೆಳಗಿಳಿದಿತ್ತು. ಚೀಲವಿಲ್ಲದಾಗಲೂ ಅದೇ ಕಡೆಗೆ ವಾಲಿಕೊಂಡು, ಯಾರೋ ಕರೆದಿದ್ದಾರೆಂಬಂತೆ ದಾಪುಗಾಲು ಹಾಕುತ್ತಿದ್ದರು. ಹಯಾತ್ ಸಾಬನೂ ನಾನೂ ಹಿಂದೆ ಬೀಳುತ್ತಿದ್ದೆವು. ಅವರಿಗೆ ಬೀದಿಗಳ ಹೆಸರು ಅಷ್ಟಾಗಿ ತಿಳಿಯದು. ಮನೆಗಳ ಗುರುತೆಲ್ಲ ಬೇರೆಯ ರೀತಿಯದು. "ಇದು ಅವಳಿ ಮಕ್ಳ ಮನೆ", "ಇದು ಕಾಲು ಮುಂದಾಗಿ ಬಂದಿದ್ನಲ್ಲ, ಅವನ ಮನೆ" ಎಂದು ಅವರು ಹೇಳುತ್ತ ಹೋದಂತೆ, ಹತ್ತಿಯ ಗಿರಣಿಗಳ, ದಲಾಲಿ ಮಂಡಿಗಳ ಆ ಊರು ನನ್ನ ಕಣ್ಣೆದುರಿಗೆ ತನ್ನ ಇನ್ನೊಂದು ನಕಾಶೆಯನ್ನು ಬಿಡಿಸಿಕೊಳ್ಳುತ್ತಿತ್ತು.

ಆ ಊರಿನ ಎಷ್ಟು ಮನೆಗಳ ಒಳಗನ್ನು ಅವರು ಕಂಡಿದ್ದರೋ ಅಷ್ಟು ಮನೆಗಳು ಅವರಿಗೆ ಮುಚ್ಚಿದ್ದವು. ಇದು ನನಗೆ ತಿಳಿದದ್ದು ಮೂರನೆಯ ಭಾನುವಾರ. ಉಜ್ಜನಪ್ಪ ಎಂಬ ಕಾಳಿನ ವ್ಯಾಪಾರಿಯ ಹಿಂಭಾಗದ ಮನೆ ಖಾಲಿಯಿತ್ತು. ನರ್ಸಮ್ಮನನ್ನು ಕಂಡವನೇ ಅವನು ಎದ್ದು ನಿಂತ. ಅವನ ಮೂವರು ಮಕ್ಕಳೂ ಅವರ ಕೈಯಲ್ಲಿಯೇ ಭೂಮಿಗಿಳಿದವರು. "ಬರ್ರಿ, ಕೂಡ್ರಿ" ಎಂದು ಕುರ್ಚಿ ಎಳೆದ, ಹಾಲು ಹೆಚ್ಚು ಹಾಕಿದ ಕಾಫಿ ತರಿಸಿದ. ಮನೆ ಬೇಕಾದದ್ದು ನನಗೆಂದೇ ಭಾವಿಸಿ ಬಾಡಿಗೆಯ ಮಾತೆತ್ತಿದ. "ನನಗಲ್ಲ, ಅವರಿಗೆ" ಎಂದೆ. ಉಜ್ಜನಪ್ಪನ ಮುಖದಲ್ಲಿ ಒಂದು ಕ್ಷಣ ಏನೋ ಬಂದುಹೋಯಿತು. "ಅಯ್ಯೋ, ಅದನ್ನ ನಮ್ಮ ಭಾವಮೈದಗೆ ಅಂತ ಮಾತು ಕೊಟ್ಟುಬಿಟ್ಟೀನಲ್ರಿ ನರ್ಸಮ್ಮ" ಎಂದ. ಅವರು ಕಾಫಿಯನ್ನು ನಿಧಾನವಾಗಿ ಕುಡಿದು ಮುಗಿಸಿದರು, ಲೋಟವನ್ನು ತಾವೇ ಒಯ್ದು ಬಚ್ಚಲ ಬಳಿ ತೊಳೆದಿಟ್ಟರು, ಮಕ್ಕಳ ಯೋಗಕ್ಷೇಮ ಕೇಳಿ ಎದ್ದರು.

ಬೀದಿಗೆ ಬಂದ ಮೇಲೆ, "ಪಾಪ, ಮೊದಲೇ ಮಾತಾಗಿತ್ತಂತೆ" ಎಂದು ನಾನು ಸಮಾಧಾನ ಹೇಳಹೋದೆ.

"ಉಜ್ಜನಪ್ಪಗೆ ಭಾವಮೈದ ಇಲ್ಲ ಮೇಷ್ಟ್ರೇ" ಎಂದರು ಅವರು. "ಆತನ ಹೆಂಡ್ತಿ ತವರಾಗೆ ಐದೂ ಹೆಣ್ಣೇ. ಕಡೇದು ಹುಟ್ಟಿದಾಗ ನಾನೇ ಇದ್ದೆ. ಆತು, ಮುಂದೆ?"

ಕುಕ್ಕುವಾಡದ ಊರಾಚೆಯ ಕೇರಿಯಲ್ಲಿ ಕೂಲಿಯವನ ಮಗಳಾಗಿ ಹುಟ್ಟಿ, ಪಾದ್ರಿಗಳ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುತ್ತ ಓದು ಕಲಿತು, ದಾದಿಯಾದವರು ಅವರು. ಊರಿಗೆ ಇದು ಗೊತ್ತಿತ್ತು. ನೋವು ಕಾಣಿಸಿಕೊಂಡ ಗಳಿಗೆಯಲ್ಲಿ ಊರು ಇದನ್ನು ಮರೆಯುತ್ತಿತ್ತು, ಪುರುಡು ಕಳೆಯುವ ಹನ್ನೊಂದನೆಯ ದಿನ ಮತ್ತೆ ನೆನಪಿಸಿಕೊಳ್ಳುತ್ತಿತ್ತು. ನನಗೆ ಕೋಪ ಬರುತ್ತಿತ್ತು. ಅವರಿಗೆ ಕೋಪ ಬರುತ್ತಿತ್ತೋ ಇಲ್ಲವೋ ನಾನರಿಯೆ. ಬಂದಾಗ ಅವರು ಇನ್ನೂ ಬೇಗ ನಡೆಯುತ್ತಿದ್ದರೆಂದು ನನ್ನ ಊಹೆ.

ಪಿ.ಜೆ. ಬಡಾವಣೆಯ ಆಚೆ ಒಂದು ಗೃಹನಿರ್ಮಾಣ ಸಂಘದವರು ಆಗ ಒಂದು ಮಾದರಿ ಮನೆಯನ್ನು ಕಟ್ಟಿ ಸಾರ್ವಜನಿಕರ ಅವಲೋಕನಕ್ಕೆ ತೆರೆದಿಟ್ಟಿದ್ದರು. ಜಟಕಾ ಮಾಡಿಕೊಂಡು ಸಂಸಾರಸಮೇತ ಜನ ನೋಡಲು ಬರುತ್ತಿದ್ದರು. ಗುಲಾಬಿ ಬಣ್ಣದ ಪರದೆ, ಮೇಜಿನ ಮೇಲೆ ಮಣ್ಣಿನ ಸೇಬು, ಗೂಡಿನಲ್ಲಿ ಒಳಗೇನೂ ಇಲ್ಲದ ರೇಡಿಯೋ ಪೆಟ್ಟಿಗೆ. ಹೆಂಗಸರು ನಲ್ಲಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಹುಲಿಗೆಮ್ಮನವರು ಅದನ್ನು ತಿರುಗಿಸಿಯೇಬಿಟ್ಟರು. ಗಾಳಿ ಕೂಡ ಬರಲಿಲ್ಲ. ಆಮೇಲೆ ಮಲಗುವ ಕೋಣೆಗೆ ಹೋಗಿ ಎರಡೂ ತೋಳು ಚಾಚಿ ಅಳತೆ ನೋಡಿ, ಫೈಲು ಹಿಡಿದು ನಿಂತಿದ್ದ ಕಾರ್ಯದರ್ಶಿಯನ್ನು ಕೇಳಿದರು: "ಬಾಣಂತಿ ಎಲ್ಲಿ ಮಲಗ್ತಾಳ್ರಿ?"

"ಈಗೆಲ್ಲಾ ಹೆರಿಗೆ ಆಸ್ಪತ್ರೇಲೇ ಆಗ್ತಾವಲ್ರಿ" ಎಂದು ಆತ ಆಧುನಿಕತೆಯ ನಗೆ ನಕ್ಕ.

"ಹೆರೋದು ಆಸ್ಪತ್ರ್ಯಾಗೆ. ಆಮ್ಯಾಲೆ ಮೂರು ತಿಂಗ್ಳು ಎಲ್ಲಿರ್ತಾಳೆ, ನಿಮ್ಮ ಸೊಸೈಟಿ ಆಫೀಸ್ನಾಗಾ? ಒಲೆ ಹಿಂದೈತೆ, ಬಚ್ಚಲು ಮುಂದೈತೆ. ಬಿಸ್ನೀರಿನ ಹಂಡೆ ಹೊತ್ಕಂಡು, ಮನೀಗೆ ಬಂದೋರ ಎದುರಿಗೆ ಹಾಯಬೇಕೇನು?"

ನೆರೆದಿದ್ದ ಹೆಂಗಸರು ಮೊದಲು ನಕ್ಕರು. ಆಮೇಲೆ ಅವರಲ್ಲೊಬ್ಬಳು ಹೋಗಿ ಬಚ್ಚಲನ್ನು ಮತ್ತೊಮ್ಮೆ ನೋಡಿಬಂದಳು. ಆಮೇಲೆ ಎಲ್ಲರೂ ನೋಡಿಬಂದರು. ಕಾರ್ಯದರ್ಶಿ ಫೈಲಿನಲ್ಲಿ ಏನನ್ನೋ ಬರೆದುಕೊಳ್ಳುವಂತೆ ಮಾಡಿದ.

ನನ್ನ ಮನೆಯನ್ನು ಆರಿಸಿದವರೂ ಅವರೇ. ನಾನು ಮೆಚ್ಚಿದ್ದ, ಮುಂದೆ ಮಲ್ಲಿಗೆಯ ಚಪ್ಪರವಿದ್ದ ಮನೆಯನ್ನು ಒಂದೇ ಕಡ್ಡಿಯಲ್ಲಿ ತಳ್ಳಿಹಾಕಿ, ಪಿ.ಜೆ. ಬಡಾವಣೆಯಲ್ಲಿ ನೋಡಲು ಗೋದಾಮಿನಂತಿದ್ದ ಇನ್ನೊಂದನ್ನು ಹಿಡಿಸಿದರು. ನನ್ನ ಹೆಂಡತಿ ಬಂದು ನೋಡಿ ನನ್ನ ರಸಿಕತೆಯ ಬಗ್ಗೆ ಎರಡು ಮಾತಾಡಿದಳಾದರೂ, ಶ್ರಾವಣದಲ್ಲಿ ಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು ಆ ಕೋಣೆಯಲ್ಲಿ ಮಲಗಿದ ಮೇಲೆ ಹಾಗೆ ಮಾತಾಡಲಿಲ್ಲ. ನನ್ನ ಕೆಲಸ ಮುಗಿದಿತ್ತು. ಆದರೂ ಭಾನುವಾರವಾದರೆ ನಾನು ಚಹಾದಂಗಡಿಯ ಮುಂದೆ ಹಾಜರಾಗುತ್ತಿದ್ದೆ. ಆ ಹೆಂಗಸಿಗೆ ಯಾವ ಮನೆ ಒಪ್ಪಿಗೆಯಾದೀತು, ಯಾವ ಮನೆ ಅವರನ್ನು ಒಪ್ಪೀತು ಎಂಬ ಕುತೂಹಲ ನನ್ನನ್ನು ಹೊರಡಿಸುತ್ತಿತ್ತು.

ಜೂನ್ ಮೊದಲ ವಾರ ಹಯಾತ್ ಸಾಬ್ ಹರಿಹರದ ಒಂದು ಮನೆಯ ಸುದ್ದಿ ತಂದ. ಹೊಳೆಯ ಸಮೀಪ, ಗಟ್ಟಿಮುಟ್ಟು, ಮಾಲೀಕ ಬಾಡಿಗೆಗಲ್ಲ, ಮಾರಾಟಕ್ಕೇ ಸಿದ್ಧ, ಅದೂ ಯಾರಿಗಾದರೂ ಸರಿ. "ಯಾರಿಗಾದರೂ ಅಂದ್ರೆ ಅದರಾಗೆ ಏನೋ ಐತೆ" ಎಂದರು ಹುಲಿಗೆಮ್ಮನವರು. ಬಸ್ಸು ಬಾತಿಯನ್ನು ದಾಟುವವರೆಗೂ ಅವರೇ ಅದನ್ನು ಬಗೆಬಗೆಯಾಗಿ ಊಹಿಸುತ್ತಿದ್ದರು: ಗೆದ್ದಲು, ದಾಯಾದಿ ವ್ಯಾಜ್ಯ, ಹೊಳೆಯ ನೀರು. ಹರಿಹರದಲ್ಲಿ ಇಳಿದು ಆ ಓಣಿಗೆ ತಿರುಗಿದೊಡನೆ ಅವರ ಮಾತು ನಿಂತಿತು. ಮನೆಯ ಮುಂದೆ ನಿಂತಾಗ, ಯಾವಾಗಲೂ ನಮಗಿಂತ ಮೊದಲು ಹೊಸ್ತಿಲು ದಾಟುತ್ತಿದ್ದವರು ದಾಟಲಿಲ್ಲ.

ಒಳಗಿನಿಂದ ಮಾಲೀಕ ಬಂದರು. ವಾಮದೇವಪ್ಪನೆಂದು ಹೆಸರು; ಬೆಲ್ಲದ ವ್ಯಾಪಾರ; ಐವತ್ತೈದರ ಆಸುಪಾಸು; ಪೇಟೆಯ ಕಡೆ ಬೇರೆ ಮನೆ ಮಾಡಿಕೊಂಡು ಎರಡನೆಯ ಸಂಸಾರದೊಡನೆ ಇದ್ದವರು. ಅವರು ಇವರನ್ನು ನೋಡಿದರು, ಇವರು ಅವರನ್ನು ನೋಡಿದರು.

"ಮೂವತ್ತು ವರ್ಷದ ಹಿಂದೆ ಬಂದಿದ್ರಿ" ಎಂದರು ವಾಮದೇವಪ್ಪ.

"ಹೂನ್ರಿ" ಎಂದರು ಇವರು.

ಹಯಾತ್ ಸಾಬನ ಮುಖ ಬಿಳಿಚಿಕೊಂಡಿತು. ಅವನಿಗೂ ಇದು ಗೊತ್ತಿರಲಿಲ್ಲ. ವಿಷಯವನ್ನು ವಾಮದೇವಪ್ಪನೇ ನನಗೆ ಹೇಳಿದರು. ಅವರ ಮೊದಲ ಹೆಂಡತಿ ಗುರುಶಾಂತಮ್ಮ ಈ ಮನೆಯಲ್ಲಿ, ಚೊಚ್ಚಲ ಹೆರಿಗೆಯಲ್ಲಿ, ಬೇಸಿಗೆಯ ಒಂದು ಮಧ್ಯಾಹ್ನ ತೀರಿಕೊಂಡಿದ್ದಳು. ಕೂಸೂ ಉಳಿಯಲಿಲ್ಲ. ಅಂದಿನಿಂದ ಆ ಕೋಣೆಗೆ ಬೀಗ. ಮನೆಗೆ ಬಂದ ಬಾಡಿಗೆದಾರರು ಅವರಿವರ ಮಾತು ಕೇಳಿ ಒಬ್ಬೊಬ್ಬರಾಗಿ ಬಿಟ್ಟುಹೋದರು. ಆ ಮಧ್ಯಾಹ್ನ ಕೊನೆಯ ಗಳಿಗೆಗೆ ಕರೆಸಿದ ದಾದಿ ಹುಲಿಗೆಮ್ಮನವರು. ಆಗಿನ್ನೂ ಇಪ್ಪತ್ತೈದರ ಹೆಣ್ಣು.

"ನನ್ನನ್ನ ಒಳಗೆ ಬಿಡಲಿಲ್ಲ" ಎಂದರು ವಾಮದೇವಪ್ಪ. ದನಿ ಗಟ್ಟಿಯಾಗಿಯೇ ಇತ್ತು. "ಕಡೀಗೆ ಆಕಿ ಏನಾರ ಅಂದ್ಲಾ? ಕೇಳಬೇಕು ಕೇಳಬೇಕು ಅಂತಾನೇ ಇಷ್ಟು ವರ್ಷ ಆತು."

ಹುಲಿಗೆಮ್ಮನವರು ಕೋಟಿನ ಜೇಬಿಗೆ ಕೈ ಇಳಿಬಿಟ್ಟರು. ನಿಮ್ಮ ಹೆಸರು ಹೇಳಿದಳು ಎಂದು ಅವರು ಹೇಳಬಹುದಿತ್ತು. ಹೇಳಿದ್ದರೆ ಆ ಮನುಷ್ಯ ಅದನ್ನೇ ನಂಬಿ ಬದುಕುತ್ತಿದ್ದ. ನಾನಾಗಿದ್ದರೆ ಹಾಗೆಯೇ ಹೇಳುತ್ತಿದ್ದೆ.

"ಗಾಳಿ ಬೇಕು ಅಂದ್ಲು" ಎಂದರು ಅವರು. "ಮ್ಯಾಲೆ ಒಂದು ಗವಾಕ್ಷಿ ಇತ್ತು. ಬಾಣಂತಿಗೆ ಗಾಳಿ ಸೋಕಬಾರ್ದು ಅಂತ ನಿಮ್ಮ ಅವ್ವಾರು ಅದಕ್ಕೆ ಗೋಣಿತಾಟು ತುರುಕಿದ್ರು. ತೆಗೀರಿ ಅಂತ ಮೂರು ಸಲ ಅಂದ್ಲು. ನಿಮ್ಮ ಅವ್ವಾರು ಬ್ಯಾಡ ಅಂದ್ರು. ನಾನು ತೆಗೀಲಿಲ್ಲ. ಇಂಥ ಮನ್ಯಾಗೆ ನಿಂತು ಎದುರು ಮಾತಾಡೋಕೆ ನಾನ್ಯಾವಳು ಅಂತ ಸುಮ್ನಾದೆ. ತೆಗದಿದ್ರೂ ಆಕಿ ಉಳೀತಿರಲಿಲ್ರಿ, ರಕ್ತ ಭಾಳ ಹೋಗಿತ್ತು. ಆದ್ರೆ ಗಾಳಿ ಸಿಗ್ತಿತ್ತು."

ಗಿರಣಿಯೋ ಕಾರ್ಖಾನೆಯೋ ಯಾವುದೋ ಒಂದರ ಶಿಳ್ಳೆ ದೂರದಲ್ಲಿ ಕೂಗಿ ನಿಂತಿತು. ವಾಮದೇವಪ್ಪ ಒಳಗೆ ಹೋದರು. ಬೀಗ ತೆಗೆಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಏಣಿ ಎಳೆದ ಸದ್ದು. ನಾವು ಹೋಗಿ ನೋಡಿದಾಗ, ಜರಿಯಂಚಿನ ಧೋತರ ಉಟ್ಟ ಆ ದೊಡ್ಡ ಮನುಷ್ಯ ಏಣಿಯ ಮೇಲೆ ನಿಂತು ಗವಾಕ್ಷಿಯಿಂದ ಗೋಣಿತಾಟನ್ನು ಕೀಳುತ್ತಿದ್ದರು. ಅದು ಹಿಡಿದಲ್ಲೆಲ್ಲ ಪುಡಿಯಾಗಿ ಅವರ ತಲೆಯ ಮೇಲೆ, ಭುಜದ ಮೇಲೆ ಉದುರುತ್ತಿತ್ತು. ಹುಲಿಗೆಮ್ಮನವರು ಏಣಿಯ ಬುಡವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಅಂದು ಅವರು ಕಡ್ಡಿ ಗೀಚಲಿಲ್ಲ.

ಕೆಳಗಿಳಿದ ವಾಮದೇವಪ್ಪ ಧೂಳು ಒರೆಸಿಕೊಳ್ಳದೆ, "ಇದನ್ನ ನೀವೇ ತಗೊಳ್ರಿ" ಎಂದರು. "ಓಣಿಯೋರು ಏನಾರ ಅಂದ್ರೆ ನಾನದೀನಿ."

"ಓಣಿಯೋರ ಮಾತು ನಾನು ನೋಡ್ಕಂತೀನಿ" ಎಂದರು ಹುಲಿಗೆಮ್ಮನವರು. "ಗೋಡೆಗೆ ಒಂದು ದೊಡ್ಡ ಕಿಟಕಿ ಒಡಸ್ತೀನಿ. ಬ್ಯಾಡ ಅನ್ನಂಗಿಲ್ಲ."

ವಾಮದೇವಪ್ಪ ಬೇಡವೆನ್ನಲಿಲ್ಲ. ಆಷಾಢ ಕಳೆಯುವುದಕ್ಕೂ ಕಾಯದೆ ಹುಲಿಗೆಮ್ಮನವರು ಆ ಮನೆಗೆ ಹೋದರು. ಎಲ್ಲರೂ ದೂರವಿಟ್ಟ ಕೋಣೆಯಲ್ಲಿಯೇ ತಮ್ಮ ಮಂಚವನ್ನು ಹಾಕಿಸಿಕೊಂಡರು. ಓಣಿಯವರು ಒಂದು ವರ್ಷ ಮಾತಾಡಿಸಲಿಲ್ಲವಂತೆ. ಆಮೇಲೆ ಎದುರು ಮನೆಯ ಸೊಸೆಗೆ ನೋವು ಬಂತು, ಮಾತು ತಾನಾಗಿ ಬಂತು.

ಇದಾದ ಮೂರು ವರ್ಷಕ್ಕೆ ನಮ್ಮ ಬಡಾವಣೆಯಲ್ಲಿ ಹತ್ತಿಯ ವ್ಯಾಪಾರಿ ಶಿವಯೋಗಪ್ಪ ಎರಡಂತಸ್ತಿನ ಮನೆ ಕಟ್ಟಿಸತೊಡಗಿದರು. ನಾವು ಮನೆ ಹುಡುಕಿದ ಆ ಬೇಸಿಗೆಯಲ್ಲಿ ಹುಲಿಗೆಮ್ಮನವರನ್ನು ಜಗಲಿಯಿಂದಲೇ ಸಾಗಹಾಕಿದ್ದವರಲ್ಲಿ ಅವರೂ ಒಬ್ಬರು. ಒಂದು ದಿನ ನೋಡುತ್ತೇನೆ, ಇನ್ನೂ ತೊಲೆ ಏರದ ಆ ಗೋಡೆಗಳ ನಡುವೆ ಬೂದುಬಣ್ಣದ ಕೋಟು ಓಡಾಡುತ್ತಿದೆ! ಗಾರೆಯವನಿಗೆ ಅವರು ಒಳಗಿನ ಕೋಣೆಯೊಂದರ ಗೋಡೆಯತ್ತ ಕೈಮಾಡಿ ಏನನ್ನೋ ವಿವರಿಸುತ್ತಿದ್ದಾರೆ. ಶಿವಯೋಗಪ್ಪ ಛತ್ರಿ ಹಿಡಿದು ವಿನಯದಿಂದ ತಲೆಯಾಡಿಸುತ್ತಿದ್ದಾರೆ. ಹುಲಿಗೆಮ್ಮನವರನ್ನು ಮನೆಗೆ ಕರೆದು ಮಜ್ಜಿಗೆ ಕೊಟ್ಟು, ತಡೆಯಲಾರದೆ ಕೇಳಿದೆ: "ಅವರ ಮನೆಗೆ ಹೋಗಿ ಹೇಳಿಕೊಡುವ ಹಂಗು ನಿಮಗೇನಿತ್ತು? ಅವರು ನಿಮಗೆ ಮಾಡಿದ್ದು ಮರೆತುಹೋಯಿತೆ?"

"ಎಲ್ಲಿ ಮರೀತೈತ್ರಿ?" ಎಂದರು ಅವರು. "ಆದ್ರೆ ಆ ಕೋಣ್ಯಾಗೆ ಮಲಗಾಕಿ ಶಿವಯೋಗಪ್ಪ ಅಲ್ಲಲ್ರಿ."

ಇಂಥವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಊರಿನ ಅರ್ಧ ಜನರನ್ನು ಅಂಗೈಯಲ್ಲಿ ಇಳಿಸಿಕೊಂಡು, ತಮಗೆ ಕಾಲಿಡುವಷ್ಟು ಜಾಗವನ್ನು ಅದೇ ಊರಿನಲ್ಲಿ ಬೇಡಬೇಕಾಗಿ ಬಂದವರು. ಕ್ಷಮಾಶೀಲರೆಂದು ಅವರನ್ನು ಕೊಂಡಾಡಿ ನಾವು ಹಗುರಾಗಬಯಸುತ್ತೇವೆ. ಆದರೆ ಅವರು ಕ್ಷಮಿಸಿರುತ್ತಾರೆಂಬುದಕ್ಕೆ ನಮ್ಮಲ್ಲಿ ಯಾವ ಆಧಾರವೂ ಇಲ್ಲ. ತಮ್ಮ ವಿದ್ಯೆಯ ಮಟ್ಟವನ್ನು ನಮ್ಮ ಸಣ್ಣತನದ ಮಟ್ಟಕ್ಕೆ ಇಳಿಸಲು ಅವರು ಒಪ್ಪುವುದಿಲ್ಲ, ಅಷ್ಟೆ. ಮನೆ ಕಟ್ಟಿದವನು ಒಂದು ಮನೆಯನ್ನು ಕಾಣುತ್ತಾನೆ, ಕೊಂಡವನು ಇನ್ನೊಂದನ್ನು. ಅದರೊಳಗೆ ಯಾರು ನರಳಬೇಕಾದೀತೋ ಅವರ ಕಣ್ಣಿನಿಂದ ಅದನ್ನು ಕಾಣಬಲ್ಲವರು ಇವರು ಮಾತ್ರ. ಅದಕ್ಕಾಗಿಯೇ ತಮಗೆ ಬಾಗಿಲು ಮುಚ್ಚಿದವರ ಮನೆಗೂ ಇವರು ಬರುತ್ತಾರೆ. ಎಲ್ಲವನ್ನೂ ನೆನಪಿಟ್ಟುಕೊಂಡೇ ಬರುತ್ತಾರೆ.