ಎಂಬತ್ತಾರನೇ ಪುಟದಲ್ಲಿ ನಾನು ಸತ್ತೆ

ನನ್ನ ತಮ್ಮನ ಆತ್ಮಕಥೆಯ ಎಂಬತ್ತಾರನೇ ಪುಟದಲ್ಲಿ ನಾನು ಸತ್ತುಹೋದೆ. ಜ್ವರ ಬಂದು ಸತ್ತೆನಂತೆ, ಆಗ ನನಗೆ ಹದಿನಾರು ವರ್ಷವಂತೆ. ಆ ಸುದ್ದಿಯನ್ನು ನಾನೇ, ಐವತ್ತೆರಡನೇ ವಯಸ್ಸಿನಲ್ಲಿ, ಗ್ರಂಥಾಲಯದ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಾ ಓದಿದೆ.

ಗ್ರಂಥಾಲಯ ಎಂದರೆ ದೊಡ್ಡದೇನಲ್ಲ. ಬಟ್ಟೆ ಅಂಗಡಿಯ ಮೇಲಿನ ಒಂದು ಉದ್ದ ಕೋಣೆ, ಎರಡು ಕಿಟಕಿ, ಗೋಡೆ ತುಂಬ ಕಪಾಟು. ತಿಂಗಳಿಗೊಮ್ಮೆ ಹೊಸ ಪುಸ್ತಕಗಳ ಕಟ್ಟು ಬರುತ್ತದೆ. ಹಗ್ಗ ಬಿಚ್ಚಿ ಒಂದೊಂದರ ಬೆನ್ನಿಗೂ ಬಣ್ಣದ ಪಟ್ಟಿ ಅಂಟಿಸುವುದು ನನ್ನ ಕೆಲಸ. ಪತ್ತೇದಾರಿಗೆ ಕೆಂಪು, ದೆವ್ವಕ್ಕೆ ಕಪ್ಪು, ಪ್ರೇಮಕ್ಕೆ ಗುಲಾಬಿ, ಬೇರೆ ಗ್ರಹಗಳ ಕಥೆಗೆ ನೀಲಿ, ಆತ್ಮಕಥೆಗೆ ಹಸಿರು. ಓದುಗರು ತಮ್ಮ ಬಣ್ಣ ಬಿಟ್ಟು ಆಚೆ ಕಾಲಿಡುವುದಿಲ್ಲ. ನಾನು ಬಿಡುವವಳಲ್ಲ. ಕೆಂಪು ಕೇಳಿದವರಿಗೆ ಹಸಿರು ಕೊಟ್ಟು, “ಓದಿ ನೋಡಿ, ಇಷ್ಟ ಆಗದಿದ್ರೆ ಬಂದು ನನ್ನನ್ನ ಬಯ್ಯಿ” ಎನ್ನುತ್ತೇನೆ. ಒಬ್ಬ ನಿವೃತ್ತ ರೈಲು ಡ್ರೈವರ್ ಹೀಗೇ ಗುಲಾಬಿಗೆ ಬಿದ್ದು ಈಗ ಬೇರೆ ಏನನ್ನೂ ಮುಟ್ಟುವುದಿಲ್ಲ. ಮನೆಯವರಿಗೆ ಗೊತ್ತಾಗದಂತೆ ಪುಸ್ತಕಕ್ಕೆ ಹಳೇ ಪೇಪರಿನ ಹೊದಿಕೆ ಹಾಕಿಸಿಕೊಂಡು ಹೋಗುತ್ತಾರೆ.

ತಮ್ಮ ಹಲ್ಲಿನ ಡಾಕ್ಟರು. “ಅಕ್ಕಾ, ಈ ಸಲದ ಕಟ್ಟಿನಲ್ಲಿ ನಿನಗೊಂದು ಆಶ್ಚರ್ಯ ಇದೆ” ಎಂದು ಫೋನಿನಲ್ಲಿ ಹೇಳಿದ್ದ. ಕಟ್ಟು ಬಿಚ್ಚಿದರೆ ಅವನದೇ ಫೋಟೋ ಇರುವ ಪುಸ್ತಕ! ಹೆಸರು ‘ಬಾಯಿ ಬಿಡಿ’. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನಾನು ಹೆರದಿದ್ದರೂ ಸಾಕಿದವಳು. ಓದುವ ಮೊದಲೇ ಹಸಿರು ಪಟ್ಟಿ ಅಂಟಿಸಿ, ಎಲ್ಲರಿಗೂ ಕಾಣುವಂತೆ ಮೇಜಿನ ನಡುವೆ ನಿಲ್ಲಿಸಿ, ಸ್ವಲ್ಪ ದೂರ ಹೋಗಿ ನಿಂತು ನೋಡಿದೆ.

ಮೊದಲ ಭಾಗದ ತುಂಬ ನಾನೇ. ಅಮ್ಮ ಹೋದ ಮೇಲೆ ಅವನನ್ನು ಹೊದಿಕೆಯೊಳಗೆ ಸೇರಿಸಿಕೊಂಡು ಟಾರ್ಚ್ ಬೆಳಕಿನಲ್ಲಿ ಕಥೆ ಹೇಳುತ್ತಿದ್ದ ಅಕ್ಕ. ಕಳ್ಳನಿಗೊಂದು ಧ್ವನಿ, ಪೊಲೀಸಿಗೊಂದು ಧ್ವನಿ, ದೆವ್ವಕ್ಕೆ ಮೂಗಿನಲ್ಲಿ ಮಾತು. ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ, ಪಕ್ಕದ ಮನೆಯ ಗೋಡೆ ಹಾರುತ್ತಿದ್ದ ಅಕ್ಕ. ಇಷ್ಟೆಲ್ಲ ಅವನಿಗೆ ನೆನಪಿದೆಯೇ ಎಂದು ಕಣ್ಣು ತುಂಬಿ ಬಂತು. ಪುಟ ತಿರುಗಿಸಿದೆ. ‘ಆ ಸೋಮವಾರ ಅಕ್ಕನನ್ನು ಜ್ವರ ಕರೆದುಕೊಂಡು ಹೋಯಿತು.’

ಆ ಸಾಲನ್ನು ಮತ್ತೆ ಓದಿದೆ. ಮುದ್ರಣದ ತಪ್ಪಿರಬಹುದು ಎಂದು ಮುಂದಿನ ಪುಟ ನೋಡಿದರೆ ಅಲ್ಲಿ ನನ್ನನ್ನು ಆಗಲೇ ಸಾಗಿಸಿಬಿಟ್ಟಿದ್ದರು. ಪೆದ್ದಿಯಂತೆ ಮಣಿಕಟ್ಟು ಹಿಡಿದು ನಾಡಿ ನೋಡಿಕೊಂಡೆ. ನಾಡಿ ಎಂದಿಗಿಂತ ಜೋರಾಗಿಯೇ ಹೊಡೆದುಕೊಳ್ಳುತ್ತಿತ್ತು.

ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದವಳು ಕಣ್ಣೀರಮ್ಮ. ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುವವಳು. ಅಳಿಸದ ಪುಸ್ತಕಕ್ಕೆ ಬಾಡಿಗೆ ಕೊಡುವುದು ದಂಡ ಎನ್ನುವವಳು, ಆದ್ದರಿಂದ ನಾನಿಟ್ಟ ಹೆಸರು. ಒಮ್ಮೆ ಕಪ್ಪು ಪಟ್ಟಿ ಕೊಟ್ಟರೆ ದೆವ್ವಕ್ಕಾಗಿ ಅತ್ತು ಬಂದಿದ್ದಳು. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ, “ಹೊಸದಾ? ಕೊಡಿ ಕೊಡಿ” ಎಂದು ಕಿತ್ತುಕೊಂಡೇ ಹೋದಳು. ಓದುಗರಿಗೆ ಇಲ್ಲ ಎನ್ನಬಾರದು ಎನ್ನುವುದು ನಾನೇ ಮಾಡಿಕೊಂಡ ನಿಯಮ, ಬಾಯಿ ಮುಚ್ಚಿಕೊಂಡು ಕೂತೆ.

ಮೂರು ದಿನ ಬಿಟ್ಟು ಬಂದಳು, ಮೂಗು ಕೆಂಪಗಾಗಿತ್ತು.

“ಅಯ್ಯೋ, ಎಂಥ ಅಕ್ಕ ಕಣ್ರೀ! ಚಿನ್ನದಂಥ ಹುಡುಗಿ. ಅಷ್ಟು ಬೇಗ ಹೋಗಬಾರದಿತ್ತು.”

“ಹೌದು, ಹೋಗಬಾರದಿತ್ತು” ಎಂದೆ. ನನ್ನ ಸಾವಿಗೆ ನನಗೇ ಸಮಾಧಾನ ಹೇಳುತ್ತಾ ನನ್ನೆದುರೇ ಮೂಗು ಒರೆಸಿಕೊಂಡಳು.

“ಅದು ಹೋಗಲಿ, ಆಮೇಲೆ ಮನೆಗೆ ಬರ್ತಾಳಲ್ಲ ಅತ್ತೆ, ಅಪ್ಪನ ದೂರದ ತಂಗಿ, ಅದೆಂಥ ರಾಕ್ಷಸಿ! ಪಾಪದ ಮಗುವಿಗೆ ಎದ್ದರೆ ಬೈಗುಳ, ಕೂತರೆ ಏಟು. ಅಂಥವರು ನೂರು ವರ್ಷ ಬದುಕ್ತಾರೆ ನೋಡಿ.”

ನಮಗೆ ಹತ್ತಿರದ, ದೂರದ ಯಾವ ಅತ್ತೆಯೂ ಇಲ್ಲ. ಅಪ್ಪ ಒಬ್ಬನೇ ಮಗ, ಅವನೂ ಮನೆಯಲ್ಲಿ ಇದ್ದೂ ಇಲ್ಲದಂತಿದ್ದವನು. ನಾನು ಹದಿನಾರಕ್ಕೆ ಶಾಲೆ ಬಿಟ್ಟು ಬಿಸ್ಕತ್ತು ಕಾರ್ಖಾನೆಗೆ ಸೇರಿ ತಮ್ಮನನ್ನು ಓದಿಸಿದೆ. ಮದುವೆಯ ಮಾತು ಬಂದಾಗೆಲ್ಲ ಅವನ ಓದು ಮುಗಿಯಲಿ ಎಂದೆ. ಅವನ ಓದು ಮುಗಿಯುವಷ್ಟರಲ್ಲಿ ಮಾತು ತರುವವರೇ ಮುಗಿದಿದ್ದರು. ನನಗೆ ಬೇರೆ ಯಾರೂ ಇಲ್ಲ. ಅವನ ಅಕ್ಕ ಎನ್ನುವುದೊಂದೇ ನನ್ನ ಆಸ್ತಿ. ಅದನ್ನೂ ಕಿತ್ತು, ಇಲ್ಲದ ಯಾವಳೋ ಅತ್ತೆಗೆ ಬರೆದುಕೊಟ್ಟಿದ್ದಾನಲ್ಲ ಎಂದು ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ಭಾನುವಾರ ಮಧ್ಯಾಹ್ನ ಮನೆ ಬಾಗಿಲು ಹಾಕಿಕೊಂಡು ಉಳಿದದ್ದನ್ನು ಓದಿದೆ. ಅತ್ತೆಯನ್ನು ಕಂಡರೆ ನನಗೂ ಮೈ ಉರಿಯಿತು. ಗಾಜಿನ ಕಾರ್ಖಾನೆಯಲ್ಲಿ ದುಡಿದು ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. ಮಗು ಕಥೆ ಕೇಳಿದರೆ ಗದರುತ್ತಾಳೆ. ಎಂಥ ಹೆಂಗಸಪ್ಪಾ ಎಂದು ಬಯ್ಯುತ್ತಲೇ ಓದುತ್ತಿದ್ದೆ. ‘ಅತ್ತೆಯ ಬಟ್ಟೆಯಿಂದ ಯಾವಾಗಲೂ ಸುಟ್ಟ ಸಕ್ಕರೆಯ ವಾಸನೆ ಬರುತ್ತಿತ್ತು’ ಎಂಬ ಸಾಲಿಗೆ ಬಂದೆ. ಗಾಜಿನ ಕಾರ್ಖಾನೆಯಲ್ಲಿ ಸಕ್ಕರೆ ಎಲ್ಲಿಂದ ಬಂತು?

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ನನ್ನ ತೋಳನ್ನು ಮೂಸಿ ನೋಡಿಕೊಂಡೆ, ಕಾರ್ಖಾನೆ ಬಿಟ್ಟು ಅಷ್ಟು ವರ್ಷವಾಗಿದ್ದರೂ.

ಮುಂದಿನ ಪುಟದಲ್ಲಿ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಪರೀಕ್ಷೆಯ ಹಿಂದಿನ ದಿನ ಹುಡುಗ ಪಾಠದ ಪುಸ್ತಕದೊಳಗೆ ನೀಲಿ ರಟ್ಟಿನ ಪತ್ತೇದಾರಿ ಇಟ್ಟುಕೊಂಡು ಓದುತ್ತಾನೆ. ಕಥೆಯ ಮನೆಯೊಡತಿಯನ್ನು ಯಾರೋ ಕೊಂದಿದ್ದಾರೆ. ಹೆಣ ಸಿಕ್ಕಿಲ್ಲ, ಬಾವಿಯ ಹತ್ತಿರ ಚಪ್ಪಲಿ ಮಾತ್ರ ಸಿಕ್ಕಿದೆ. ಇನ್ನು ಮೂರೇ ಪುಟ ಇರುವಾಗ ಅತ್ತೆ ಬಂದು ಕಿತ್ತುಕೊಂಡು, ಕಪಾಳಕ್ಕೆ ಬಿಟ್ಟು, ಪುಸ್ತಕವನ್ನು ಸ್ನಾನದ ನೀರಿನ ಒಲೆಗೆ ಹಾಕುತ್ತಾಳೆ. ‘ಕೊಂದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ’ ಎಂದು ಬರೆದಿದ್ದ ನನ್ನ ತಮ್ಮ. ಆ ಏಟು ನನಗೆ ನೆನಪಿತ್ತು. ನೀಲಿ ರಟ್ಟು ಬೆಂಕಿಯಲ್ಲಿ ಸುರುಟಿಕೊಂಡಿದ್ದೂ ನೆನಪಿತ್ತು.

ಸತ್ತಿದ್ದೂ ನಾನೇ, ಆಮೇಲೆ ಬಂದ ರಾಕ್ಷಸಿಯೂ ನಾನೇ. ಒಂದು ಪುಸ್ತಕದಲ್ಲಿ ಒಬ್ಬಳಿಗೆ ಇಷ್ಟು ಸಾಲದೇ? ಎಷ್ಟು ಹೊತ್ತು ಹಾಗೇ ಕೂತಿದ್ದೆನೋ, ಟೀ ಮೇಲೆ ಕೆನೆ ಕಟ್ಟಿತ್ತು. ನನಗೆ ಕೋಪ ಬಂದಿತ್ತು ಎಂದರೆ ಸುಳ್ಳು. ಕೋಪ ಬರುವುದಕ್ಕೂ ಮೈಯಲ್ಲಿ ಜೀವ ಬೇಕಲ್ಲ.

ಕೋಪ ಬಂದಿದ್ದು ಮಾರನೆಯ ದಿನ ಬೆಳಿಗ್ಗೆ. ನೆಟ್ಟಗೆ ಅವನ ಕ್ಲಿನಿಕ್ಕಿಗೆ ಹೋದೆ. ಮುಂದಿನ ಮೇಜಿನಲ್ಲಿ ಹೊಸ ಹುಡುಗಿ ಕೂತಿದ್ದಳು, ಪಕ್ಕದಲ್ಲಿ ‘ಬಾಯಿ ಬಿಡಿ’ ಪುಸ್ತಕಗಳ ಗುಡ್ಡೆ.

“ಹೊಸ ಪೇಷಂಟಾ?”

“ಅಲ್ಲ. ಡಾಕ್ಟರ ಅಕ್ಕ.”

ಅವಳ ಕೈಯಿಂದ ಪೆನ್ನು ಜಾರಿತು. “ಯಾವ... ಯಾವ ಅಕ್ಕ ಮೇಡಂ?”

“ಇರೋದೇ ಒಬ್ಬಳು.”

“ಅವರು ತೀರಿಕೊಂಡು...”

“ಹೌದಮ್ಮ. ಇವತ್ತು ರಜಾ ಹಾಕಿ ಬಂದಿದೀನಿ” ಎಂದು ಒಳಗೆ ಹೋದೆ.

ತಮ್ಮ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಸಲಕರಣೆ ಜೋಡಿಸುತ್ತಿದ್ದ. ನಾನು ರೋಗಿಯ ಕುರ್ಚಿಯಲ್ಲಿ ಒರಗಿದೆ.

“ಅಕ್ಕಾ! ಏನಾಯ್ತು, ಹಲ್ಲು ನೋವಾ?”

“ಸತ್ತವರಿಗೆ ಹಲ್ಲು ನೋವು ಬರಲ್ಲ ಕಣೋ.”

ಅವನು ಮಾಸ್ಕ್ ತೆಗೆದ. ಸ್ಟೂಲು ಎಳೆದುಕೊಂಡು ಕೂತ. ಕುರ್ಚಿಯ ಮೇಲಿನ ದೀಪ ನನ್ನ ಕಣ್ಣಿಗೇ ಹೊಡೆಯುತ್ತಿತ್ತು, ಆರಿಸಬೇಕೆಂದು ಇಬ್ಬರಿಗೂ ತೋಚಲಿಲ್ಲ.

“ಪೂರ್ತಿ ಓದಿದ್ಯಾ?”

“ಓದಿದೆ. ಅತ್ತೆ ಯಾರು ಅಂತಾನೂ ಗೊತ್ತಾಯ್ತು.”

ಅವನು ತಲೆ ತಗ್ಗಿಸಿದ. “ಹತ್ತು ಸಲ ಬರೆದು ಹರಿದೆ ಅಕ್ಕಾ. ಆ ಸೋಮವಾರ ನೀನು ಕಾರ್ಖಾನೆಗೆ ಹೋದೆ. ಅವತ್ತಿಂದ ಕಥೆ ನಿಂತುಹೋಯ್ತು. ನಗೋದೂ ನಿಂತುಹೋಯ್ತು. ನನಗೆ ಎಂಟು ವರ್ಷ. ಸಂಜೆ ಮನೆಗೆ ಬರ್ತಿದ್ದವಳು ಬೇರೆ ಯಾರೋ ಅನ್ನಿಸ್ತಿತ್ತು. ನಮ್ಮಕ್ಕ ಎಲ್ಲಿ ಅಂತ ಪಕ್ಕದ ಮನೆಯವರನ್ನ ಕೇಳಿದ್ದೆ, ಗೊತ್ತಾ ನಿನಗೆ?”

ನನಗೆ ಗೊತ್ತಿರಲಿಲ್ಲ. ಪುಸ್ತಕದಲ್ಲೂ ಅದು ಇರಲಿಲ್ಲ. ಮೂರು ಆಘಾತಗಳಲ್ಲಿ ಅದೇ ದೊಡ್ಡದು.

“ಆ ಏಟು, ಆ ಬೈಗುಳ ಬರೀದೇ ಇರೋಕೆ ಆಗ್ಲಿಲ್ಲ. ನಿನ್ನ ಹೆಸರಿಗೆ ಬರೆಯೋಕೆ ಮನಸ್ಸು ಬರ್ಲಿಲ್ಲ. ಅದಕ್ಕೆ...”

“ಅದಕ್ಕೆ ಕೊಂದುಬಿಟ್ಟೆ. ಅಲ್ಲಯ್ಯಾ, ಬಯ್ದು ಬರೆದಿದ್ರೆ ಒಂದು ತಿಂಗಳು ಮಾತು ಬಿಡ್ತಿದ್ದೆ, ಆಮೇಲೆ ಸರಿ ಹೋಗ್ತಿದ್ದೆ. ಸಾಯಿಸಿದ್ರೆ ನಾನು ಎಲ್ಲಿಂದ ಸರಿ ಹೋಗಲಿ? ನಿನ್ನ ಅಕ್ಕ ಅಂತ ಹೇಳ್ಕೊಳ್ಳೋಕೂ ಆಗದ ಹಾಗೆ ಮಾಡಿದೆಯಲ್ಲೋ. ಆಚೆ ಕೂತಿರೋ ಹುಡುಗಿ ನನ್ನನ್ನ ದೆವ್ವ ಅಂದುಕೊಂಡಿದಾಳೆ.”

ಅವನಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ನಲವತ್ತು ದಾಟಿದ ಡಾಕ್ಟರು, ರೋಗಿಗಳಿಗೆ ಇಟ್ಟಿದ್ದ ಹತ್ತಿಯಲ್ಲಿ ಕಣ್ಣೊರೆಸಿಕೊಂಡ.

“ಇನ್ನೊಂದು ಕೇಳು” ಎಂದೆ. “ಆ ನೀಲಿ ರಟ್ಟಿನ ಪುಸ್ತಕ. ನೀನು ಅಳ್ತಾ ಮಲಗಿದ ಮೇಲೆ ಹಾಕಿದ್ದು ಅದನ್ನ ಒಲೆಗೆ. ಅದಕ್ಕೆ ಮೊದಲು ಒಲೆ ಮುಂದೆ ಕೂತು ಕೊನೇ ಮೂರು ಪುಟ ಓದಿದ್ದೆ.”

ಅವನ ಬಾಯಿ ತೆರೆದುಕೊಂಡಿತು. “ನೀನು ಓದಿದ್ಯಾ?”

“ಓದದೆ ಸುಡ್ತೀನಾ? ಕಥೆ ಹುಚ್ಚು ನಿನಗೊಬ್ಬನಿಗೇನಾ ಇರೋದು? ನಿನ್ನಕ್ಕ ಸತ್ತಿರಲಿಲ್ಲ ಕಣೋ. ಅಡುಗೆಮನೆ ಹಿಂದೆ ಕೂತು ಕದ್ದು ಓದ್ತಿದ್ದಳು.”

“ಮತ್ತೆ ನನಗ್ಯಾಕೆ ಹೇಳ್ಲಿಲ್ಲ?”

“ಕೋಪ ಇತ್ತು. ಆಮೇಲೆ ನಿದ್ದೆ ಬಂದುಬಿಡ್ತು.”

ಅವನು ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದ. ಹೊದಿಕೆಯೊಳಗೆ ಮೊಣಕೈ ಒತ್ತಿಕೊಂಡು ಬರುತ್ತಿದ್ದ ಹಾಗೆಯೇ ಬಂದ. ದನಿ ಇಳಿಸಿ ಕೇಳಿದ: “ಅಕ್ಕಾ... ಯಾರು ಕೊಂದಿದ್ದು?”

ನಾನು ಪೊಲೀಸಿನ ಧ್ವನಿ ತೆಗೆದೆ. ಆಶ್ಚರ್ಯ, ಅದು ಇನ್ನೂ ಗಂಟಲಲ್ಲೇ ಇತ್ತು. “ಯಾರೂ ಕೊಂದಿಲ್ಲ! ಎಲ್ಲರೂ ಕೂಡಿ ಒಡತಿ ಸತ್ತಳು ಅಂತ ಅಳ್ತಾ ಕೂತಿರ್ತಾರೆ. ಕೊನೇ ಪುಟದಲ್ಲಿ ಬಾಗಿಲು ತಟ್ಟೋ ಶಬ್ದ. ತೆಗೆದು ನೋಡಿದ್ರೆ ಅವಳೇ, ಬರಿಗಾಲಲ್ಲಿ ನಿಂತಿದಾಳೆ. ‘ಎಲ್ರೋ ನನ್ನ ಚಪ್ಪಲಿ?’ ಅಂತಾಳೆ.”

ಅವನು ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕ. ಥೇಟ್ ನನ್ನ ಹಾಗೆ. ಆಚೆಯ ಹುಡುಗಿ ಬಾಗಿಲು ಸಂದಿಯಿಂದ ಇಣುಕಿ ನೋಡಿದಾಗ, “ಬಾಮ್ಮಾ, ಇವರು ನಮ್ಮಕ್ಕ” ಎಂದ.

ನಿಜ ಹೇಳಬೇಕೆಂದರೆ ಆ ಒಡತಿಯನ್ನು ಕೊಂದವನು ತೋಟದ ಮಾಲಿ. ಹೆಣ ಬಾವಿಯಲ್ಲೇ ಇತ್ತು. ಆತ್ಮಕಥೆಯಲ್ಲಿ ತಮ್ಮ ನನ್ನನ್ನು ಸಾಯಿಸಬಹುದಂತೆ, ಪತ್ತೇದಾರಿಯಲ್ಲಿ ನಾನೊಬ್ಬಳನ್ನು ಬದುಕಿಸಿಕೊಂಡರೆ ಯಾರ ಗಂಟೇನು ಹೋಗುತ್ತದೆ?