ಸಾವ್ಕಾರರ ದನಿ

ಕುಂಟನಿಗೆ ಎಂಟು ಮೆಟ್ಟಿಲು ಎಂಬ ಗಾದೆ ಕೇಳಿದ್ದೀರಲ್ಲ? ಗಾದೆಯಲ್ಲಿ ಎಂಟು ಇರುವುದು ಚೇಷ್ಟೆಯೇ ಹೊರತು ಮೆಟ್ಟಿಲಲ್ಲ ಎಂದು ತಿದ್ದುವವರು ಒಮ್ಮೆ ಕಾಫಿ ತೋಟದ ಕೂಲಿಯವರ ಸಾಲಿನಲ್ಲಿರುವ ನಮ್ಮ ಲೈನ್ ಮನೆಗೆ ಬಂದು ಎಣಿಸಬಹುದು. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ಗಾದೆ ಸುಳ್ಳಾದರೂ ನಾನು ಹೇಳುವುದು ಸುಳ್ಳಲ್ಲ.

"ಲೇ ಸುನಿಲ, ಆ ಕೊಳಕು ಬನೀನು ಬಿಚ್ಚಾಕಿ ಒಂದು ಬಿಳೀ ಅಂಗಿ ಸಿಗಾಕ್ಕಳೊ ಬಡ್ಡಿಮಗನೆ. ನಾಳೆ ನೀನು ವಿಐಪಿ!"

ತೋಟದ ಲೆಕ್ಕ ಬರೆಯುವ ರೈಟರ್ ಮರುಳಸಿದ್ದಪ್ಪ ಕೆಳಗೆ ಅಂಗಳದಲ್ಲೇ ನಿಂತು ಕೂಗಿದ. ನಮ್ಮ ಮೆಟ್ಟಿಲು ಅವನಿಗೂ ಆಗದು. ಅವನಿಗೆ ಹೊಟ್ಟೆ ಅಡ್ಡ, ನನಗೆ ಕಾಲು.

ಮಡಿಕೇರಿಯಲ್ಲಿ ಬಿ.ಎ. ಮುಗಿಸಿ, ಕೆಲಸ ಸಿಗುವವರೆಗೆ ಎಂದು ಅವ್ವನ ಜೊತೆ ತೋಟಕ್ಕೆ ಇಳಿದವನು ನಾನು. ಇಳಿದವನನ್ನು ಹತ್ತಿಸಿದರು, ಕಾಳುಮೆಣಸು ಕೊಯ್ಯಲು, ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ. ಮಂಜು ಆರದ ಬೆಳಿಗ್ಗೆ ಬಿದಿರಿನ ಏಣಿ ಜಾರಿತು. ಬಲಗಾಲನ್ನು ತೊಡೆಯವರೆಗೆ ತೆಗೆದರು. ಎಡಗಾಲು ಇದೆ, ಹಾಜರಿಗೆ ಮಾತ್ರ. ಯಾರೋ ಪುಣ್ಯಾತ್ಮರು ಗಾಲಿಕುರ್ಚಿ ಕೊಟ್ಟರು. ಮೆಟ್ಟಿಲಿಳಿಯುವ ವಿದ್ಯೆಯನ್ನು ಗಾಲಿಗೆ ಕಲಿಸಿರಲಿಲ್ಲ.

ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅವ್ವನೂ ಪಕ್ಕದ ಮನೆಯ ಸಿದ್ದನೂ ನನ್ನನ್ನು ಎತ್ತಿಕೊಂಡು ಕೆಳಗಿನ ಕಕ್ಕಸಿಗೆ ಒಯ್ಯುತ್ತಾರೆ. ಆಮೇಲೆ ಸಂಜೆಯವರೆಗೆ ಲೈನ್ ಖಾಲಿ. ಹಗಲು ನೀರು ಕುಡಿಯುವುದಿಲ್ಲ, ಕುಡಿದರೆ ಇಳಿಸುವವರಿಲ್ಲ. ಮಾತಾಡುವವರೂ ಇಲ್ಲದ್ದರಿಂದ ಗುರುತಿನವರ ದನಿಗಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತೇನೆ. ರೈಟರ್ ಬೈಯುತ್ತಾನೆ, ಸಿದ್ದ ಕೆಮ್ಮುತ್ತಾನೆ, ಪಲ್ಪರ್ ಮಿಷನ್ನು ಕಾಫಿ ಹಣ್ಣು ಅಗಿಯುತ್ತದೆ, ಎಲ್ಲ ನನ್ನದೊಂದೇ ಗಂಟಲಿನಲ್ಲಿ. ಮೂರು ಗಂಟೆಯ ಹೊತ್ತಿಗೆ ದನಿಗಳು ತೀರಿಹೋಗುತ್ತವೆ. ಗೋಡೆ ಉಳಿಯುತ್ತದೆ.

ನನಗೆ ಚೆನ್ನಾಗಿ ಬರುವುದು ತೋಟದ ಒಡೆಯ ಸಾವ್ಕಾರ ಕೀರ್ತಿಕುಮಾರರ ದನಿ. ಮೊದಲು ಮೂಗಿನಲ್ಲೊಂದು 'ಹ್ಞಾಂ', ಆಮೇಲೆ ಮಾತು. ಮೆಟ್ಟಿಲ ಪಕ್ಕ ಒಂದು ಇಳಿಜಾರು ಆಗಬೇಕು, ಸಿಮೆಂಟ್ ಕೊಟ್ಟರೆ ಕೆಲಸ ನಾವೇ ಮಾಡಿಕೊಳ್ಳುತ್ತೇವೆ ಎಂದು ಅವ್ವ ಹೋದ ವರ್ಷ ಕೇಳಿದಾಗ ಅವರು ನನ್ನೆದುರೇ ಅಂದಿದ್ದರು: "ಹ್ಞಾಂ, ಇವತ್ತು ಇವನಿಗೆ ಸ್ಲೋಪು, ನಾಳೆ ನಿಂಗೆ ಲಿಫ್ಟು. ಮರ ಹತ್ತೋಕೆ ಬರದ ಬಡ್ಡಿಮಗ ಬಿದ್ರೆ ನಾನೇನು ಬೆಟ್ಟಾನೇ ಮಟ್ಟ ಮಾಡಿಸ್ಲಾ?"

ಈಗ ಅದೇ ಸಾವ್ಕಾರರಿಗೆ ನಾನು ಬೇಕಾಗಿದ್ದೆ.

"ಮಡಿಕೇರಿ ಟೌನ್ ಹಾಲಲ್ಲಿ ಸಮ್ಮೇಳ್ನ ಕಣೊ," ಎಂದ ರೈಟರ್. "ಬೆಂಗ್ಳೂರಿಂದ ನಿನ್ನಂಥೋರೇ ಬತ್ತಾವ್ರೆ, ಗಾಲಿ ಮ್ಯಾಲೆ. ಅಂಥೋರು ಟೂರಿಗೆ ಬಂದ್ರೆ ಹೋಟ್ಲು, ರೆಸಾರ್ಟು ಹೆಂಗಿರ್ಬೇಕು ಅಂತ ಮಾತಾಡ್ತಾರಂತೆ. ನಮ್ ಸಾವ್ಕಾರ್ರೇ ಸ್ವಾಗತ ಸಮಿತಿ ಅಧ್ಯಕ್ಷ್ರು. ನೀನು ಸ್ಟೇಜ್ ಮ್ಯಾಲೆ ಎಲ್ಡೇ ಮಾತು ಹೇಳು. 'ಸಾವ್ಕಾರ್ರು ನನ್ನನ್ನ ಮಗನಂಗೆ ನೋಡ್ಕತ್ತಾವ್ರೆ. ಯಾವುದಕ್ಕೂ ಕಮ್ಮಿ ಮಾಡಿಲ್ಲ.' ಅಷ್ಟೇಯ. ಸೋಮಾರ ನಿನ್ನ ಬಾಗ್ಲಿಗೆ ಸ್ಲೋಪು."

"ಹೇಳ್ದಿದ್ರೆ?"

"ಹೇಳ್ದಿದ್ರೆ ಅಲ್ಲೇ ಕುಂತಿರು, ಗೂಬೆ ಕುಂತಂಗೆ."

ಅವ್ವ ರಾತ್ರಿ ಅನ್ನ ಬಡಿಸುತ್ತ ತಲೆ ಸವರಿದಳು. "ಅಂದ್ಬುಡ್ಲಾ ಮಗ. ಸುಳ್ಳು ಒಂದ್ ಗಳಿಗೆ. ಸ್ಲೋಪು ಸಾಯೋಗಂಟ."

ಮರುದಿನ ನೋಡಿದರೆ, ಹಾಲ್ ಮುಂದೆ ರ‍್ಯಾಂಪ್ ಕಟ್ಟಿದ್ದು ನಮ್ಮ ಲೈನಿನವರೇ. ಕಟ್ಟಿ ಎಂದ ರೈಟರಿಗೂ, ಕಟ್ಟಿದ ಸಿದ್ದನಿಗೂ ಗೊತ್ತಿದ್ದ ಇಳಿಜಾರು ಒಂದೇ: ಕಾಫಿ ಮೂಟೆ ಹೊತ್ತು ಲಾರಿ ಹತ್ತುವ ಹಲಗೆ. ಅದನ್ನೇ ಅಚ್ಚುಕಟ್ಟಾಗಿ ಮಾಡಿದ್ದರು. ಹೊರೆಯವನ ಕಾಲು ಜಾರದಿರಲೆಂದು ಗೇಣಿಗೊಂದು ಅಡ್ಡಪಟ್ಟಿಯನ್ನೂ ಹೊಡೆದಿದ್ದರು. ಮೇಲೆ ಕೆಂಪು ಜಮಖಾನ.

ಬೆಂಗಳೂರಿನಿಂದ ಬಂದಿದ್ದ ರಂಜಿತಾ ಎಂಬವರ ಗಾಲಿಕುರ್ಚಿ ನನ್ನದಕ್ಕಿಂತ ಮುಂದಿತ್ತು. ಮೊದಲ ಪಟ್ಟಿಗೇ ಅದು ಡಬ್ ಎಂದು ನಿಂತಿತು. ಸಿದ್ದ ಓಡಿಬಂದು, ಮೂಟೆಗೆ ಬಗ್ಗುವಂತೆ ಬಗ್ಗಿ ಹೆಗಲು ಕೊಟ್ಟ.

"ಮುಟ್ಬೇಡಿ. ಮೊದ್ಲು ಕೇಳಿ," ಎಂದರು ಆಕೆ.

"ತಪ್ಪಾಯ್ತು ಕಣವ್ವ. ಮೂಟೆ ಏನೂ ಅನ್ನಕಿಲ್ವಲ್ಲ, ಕೇಳೋ ಅಭ್ಯಾಸ ತಪ್ಪೋಗದೆ."

ಆಕೆಗೆ ನಗು ಬಂತು. "ಇದನ್ನ ಮಾಡಿದ್ದು ಯಾರು?"

"ನಾವೇ ಕಣವ್ವ. ಎಂಥಾ ಲೋಡು ಹೊತ್ರೂ ಜಾರಕಿಲ್ಲ ನೋಡಿ."

ಹೇಳಿ ಮುಗಿಸುವಷ್ಟರಲ್ಲಿ ಸಾವ್ಕಾರರು ಬಂದವರೇ ಸಿದ್ದನ ಕೆನ್ನೆಗೆ ಒಂದು ಬಿಟ್ಟರು. "ಹ್ಞಾಂ, ಸೂಳೆಮಗನೆ, ಮೇಡಮ್ಮನ್ನ ಲಾರಿಗೆ ಲೋಡ್ ಮಾಡ್ತೀಯೇನೋ?" ಆಕೆಯ ಕಡೆ ತಿರುಗಿ ಕೈಮುಗಿದರು. "ಸಾರಿ ಮೇಡಂ. ಈ ಜನವೇ ಇಷ್ಟು."

"ಈ ಜನಕ್ಕೆ ಅಳತೆ ಹೇಳ್ಬೇಕಾಗಿದ್ದೋರು ಯಾರು ಸಾರ್?"

ಸಾವ್ಕಾರರಿಗೆ ಇದ್ದಕ್ಕಿದ್ದಂತೆ ಯಾವುದೋ ಫೋನ್ ಬಂತು.

ಕೊನೆಗೆ ನಾಲ್ವರು ಆಕೆಯನ್ನು ಕೇಳಿ, ಕುರ್ಚಿ ಸಮೇತ ಎತ್ತಿ ಒಳಗಿಟ್ಟರು. ನನ್ನನ್ನು ಕೇಳದೆ ಎತ್ತಿದರು. ನಾನು ಮನೆಯ ಮೂಟೆ.

ವೇದಿಕೆಗೂ ಹೊತ್ತೇ ಹತ್ತಿಸಿದರು. ಕೆಳಗೆ ಇನ್ನೂರು ಮುಖ. ಅಷ್ಟು ಜನರ ಮುಂದೆ ಕೂತಿದ್ದರೂ ಲೈನ್ ಮನೆಯ ಮಧ್ಯಾಹ್ನವೇ ನನ್ನ ಜೊತೆ ಬಂದು ಕೂತಂತಿತ್ತು. ಗೋಡೆಯ ಬಳಿ ನೀರಿನ ಲೋಟಗಳ ತಟ್ಟೆ ಹಿಡಿದು ಅವ್ವ ನಿಂತಿದ್ದಳು. ಅವಳ ಪಕ್ಕ ಸಿದ್ದ, ಕೆನ್ನೆಯ ಮೇಲೆ ಇನ್ನೂ ಬೆರಳಿನ ಗುರುತು.

"ನಮ್ಮ ತೋಟದ ಹುಡುಗ. ಪದವೀಧರ. ನನ್ನ ಮಗನಿದ್ದ ಹಾಗೆ. ಅವನ ಬಾಯಲ್ಲೇ ಕೇಳಿ," ಎಂದು ಸಾವ್ಕಾರರು ಮೈಕನ್ನು ನನ್ನ ಕೈಗಿತ್ತರು.

ಎರಡೂ ಮಾತು ಬಾಯಿಪಾಠವಾಗಿದ್ದವು. ಮಗು ಮರೆತೀತೆಂದು ಅವ್ವ ದೂರದಿಂದಲೇ ತುಟಿ ಅಲ್ಲಾಡಿಸಿ ಹೇಳಿಕೊಡುತ್ತಿದ್ದಳು. ನಾನು ಬಾಯಿ ತೆರೆದೆ.

"ಹ್ಞಾಂ, ಇವತ್ತು ಇವನಿಗೆ ಸ್ಲೋಪು, ನಾಳೆ ಇವರವ್ವಂಗೆ ಲಿಫ್ಟು. ಮರ ಹತ್ತೋಕೆ ಬರದ ಬಡ್ಡಿಮಗ ಬಿದ್ರೆ ನಾನೇನು ಬೆಟ್ಟಾನೇ ಮಟ್ಟ ಮಾಡಿಸ್ಲಾ?"

ಸಭೆಯಿಡೀ ನಗು, ಚಪ್ಪಾಳೆ. ಅಷ್ಟು ಅಚ್ಚಾಗಿತ್ತು ದನಿ. ಸಾವ್ಕಾರರ ಮುಖ ಕಪ್ಪಿಟ್ಟಿತು. ಎದ್ದು ಬಂದು, ನನ್ನ ಹೆಗಲ ಮೇಲೆ ಕೈ ಹಾಕಿ, ಕ್ಯಾಮೆರಾಗಳಿಗೆ ಹಲ್ಲು ತೋರಿಸುತ್ತ ನನ್ನ ಕಿವಿಗೆ ಬಗ್ಗಿದರು. ಮೈಕಿನ ಗುಂಡಿ ನನ್ನ ಹೆಬ್ಬೆರಳ ಕೆಳಗೇ ಇತ್ತು. ನಾನು ಆರಿಸಲಿಲ್ಲ. ಮೈಕನ್ನು ಅವರ ಬಾಯಿಯ ಕಡೆಗೆ ಇನ್ನೂ ನಾಲ್ಕು ಬೆರಳಷ್ಟು ಎತ್ತಿ ಹಿಡಿದೆ.

"ಹ್ಞಾಂ, ನಾಳೆಯಿಂದ ನಿಮ್ಮವ್ವ ಕೆಲಸಕ್ಕೆ ಬರೋದು ಬೇಡ. ಸಂಜೆ ಒಳಗೆ ಲೈನ್ ಖಾಲಿ ಮಾಡ್ರೋ, ಕುಂಟ ಸೂಳೆಮಗನೆ."

ನಾಲ್ಕು ಮೂಲೆಯ ಸ್ಪೀಕರುಗಳೂ ಅದನ್ನು ಹೇಳಿದವು. ಸಿಕ್ಕಿಬಿದ್ದರು ಎಂದುಕೊಂಡೆ.

ಸಭೆ ಮೊದಲಿಗಿಂತ ಜೋರಾಗಿ ನಕ್ಕಿತು. ಅದೇ ಮೂಗು, ಅದೇ ಗಂಟಲು. ಇದೂ ನನ್ನ ಮಿಮಿಕ್ರಿಯೇ ಅಂದುಕೊಂಡಿದ್ದರು. ಯಾರೋ "ಒನ್ಸ್ ಮೋರ್!" ಎಂದು ಕೂಗಿದರು.

ಅವ್ವ ತಟ್ಟೆಯನ್ನು ನೆಲಕ್ಕಿಟ್ಟಳು. ಮುಂದಿನ ಸಾಲಿನಲ್ಲಿ ರಂಜಿತಾ ನಗದೆ, ನನ್ನ ಮುಚ್ಚಿದ ಬಾಯನ್ನೇ ನೋಡುತ್ತಿದ್ದರು.

"ಒಂದ್ನಿಮಿಷ! ಈಗ ಮಾತಾಡಿದ್ದು ಯಾರು?"

"ನಾನಲ್ಲ," ಎಂದೆ ಮೈಕಿನಲ್ಲಿ.

ಅದಕ್ಕೂ ನಕ್ಕರು. ರಂಜಿತಾ ಮತ್ತೆ ಕೇಳಿದರು. ತುಟಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ. ನನ್ನ ಕತ್ತನ್ನು ಒಂದು ಕೈಯಲ್ಲಿ ಅದುಮಿ ಹಿಡಿದು, ಇನ್ನೊಂದರಲ್ಲಿ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ, ಇಡೀ ಸಭೆಗಿಂತ ಜೋರಾಗಿ ಸಾವ್ಕಾರರು ನಗುತ್ತಿದ್ದರು.